ಎರಡನೇ ಬ್ರೇಕು

ಮೇಷ್ಟ್ರ ಬಲಗಾಲು ಮೇಷ್ಟ್ರ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬಸ್ಸಿನ ಕಿಟಕಿ ಪಕ್ಕ ಕೂತಿರಲಿ, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿರಲಿ, ಮುಂದಿನ ಗಾಡಿ ಕೊಂಚ ಹತ್ತಿರ ಬಂದರೆ ಸಾಕು, ಆ ಕಾಲು ತಾನಾಗಿ ನೆಲ ಒತ್ತುತ್ತಿತ್ತು. ಟೀವಿಯಲ್ಲಿ ಪೊಲೀಸರು ಕಳ್ಳನ ಕಾರನ್ನು ಅಟ್ಟಿಸಿಕೊಂಡು ಹೋದರೆ ಇತ್ತ ಮನೆಯಲ್ಲಿ ಟೀಪಾಯಿ ಅಲ್ಲಾಡುತ್ತಿತ್ತು. "ಕಳ್ಳ ಓಡಿಹೋದ್ರೆ ಹೋಗ್ಲಿ ಬಿಡ್ರೀ, ನೀವ್ಯಾಕೆ ಬ್ರೇಕ್ ಹಾಕ್ತೀರ?" ಎಂದು ಹೆಂಡತಿ ನಗುತ್ತಿದ್ದಳು. ಬಲಗಾಲಿನ ಬೂಟಿನ ಅಟ್ಟೆ ಎಡಗಾಲಿನದಕ್ಕಿಂತ ಬಹಳ ಮೊದಲೇ ಸವೆದುಹೋಗುತ್ತಿತ್ತು. ಬೂಟು ಹೊಲಿಯುವವನು ಪ್ರತಿ ಸಲವೂ, "ಏನ್ ಮೇಷ್ಟ್ರೇ, ಒಂಟಿ ಕಾಲಲ್ಲಿ ಊರು ಸುತ್ತುತೀರಾ?" ಎಂದು ಕೇಳಿ ತನ್ನ ಮಾತಿಗೆ ತಾನೇ ನಗುತ್ತಿದ್ದ.

ಇದು ಕಸುಬಿನಿಂದ ಬಂದ ಕಾಯಿಲೆ. ಮೇಷ್ಟ್ರು ಕಲಿಸುತ್ತಿದ್ದದ್ದು ಡ್ರೈವಿಂಗು. ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲಡಿ. ಸ್ಟೇರಿಂಗು ಕಲಿಯುವವರದು, ಗೇರೂ ಅವರದೇ, ಪ್ರಾಣ ಮಾತ್ರ ಇಬ್ಬರದು.

ಮೇಷ್ಟ್ರು ಈ ಕೆಲಸಕ್ಕೆ ಬಂದಾಗ ಅವರ ಮೀಸೆ ಕಪ್ಪಗಿತ್ತು, ರಸ್ತೆಗಳು ಖಾಲಿ ಇದ್ದವು. ಡ್ರೈವಿಂಗ್ ಸ್ಕೂಲಿನ ಹಳೇ ಮಾಲೀಕರು ಸದಾ ಬಾಯಲ್ಲಿ ಲವಂಗ ಇಟ್ಟುಕೊಂಡಿರುತ್ತಿದ್ದ ಮುದುಕರು. ಅವರು ಮೊದಲ ದಿನವೇ ಹೇಳಿದ್ದರು: "ನೋಡಯ್ಯಾ, ಬ್ರೇಕನ್ನ ಯಾರು ಬೇಕಾದ್ರೂ ಒತ್ತುತಾರೆ. ನೀನು ಒತ್ತಿದ್ದು ಕಲಿಯೋನಿಗೆ ಗೊತ್ತಾಗಬಾರದು. ಗೊತ್ತಾದ್ರೆ ಅವನ ಧೈರ್ಯ ಹೋಗುತ್ತೆ. ಅವನು ಅರ್ಧ ಒತ್ತಲಿ, ಉಳಿದರ್ಧ ನೀನು ಒತ್ತು. ಗಾಡಿ ನಿಂತ ಮೇಲೆ ಭೇಷ್ ಅನ್ನು."

ಮೇಷ್ಟ್ರು ಆ ವಿದ್ಯೆಯನ್ನು ಕರಗತ ಮಾಡಿಕೊಂಡರು. ಅವರ ಕಾಲು ಅಷ್ಟು ನಯವಾಗಿ ಒತ್ತುತ್ತಿತ್ತೆಂದರೆ, ಮೊದಲ ವಾರದಲ್ಲೇ ಶಿಷ್ಯರು ತಮಗೆ ಹುಟ್ಟಿನಿಂದಲೇ ಡ್ರೈವಿಂಗು ಬರುತ್ತಿತ್ತು ಎಂಬಂತೆ ಮೀಸೆ ತಿರುವಿಕೊಂಡು ಇಳಿಯುತ್ತಿದ್ದರು. ಆದರೆ ಮುದುಕರು ಇನ್ನೊಂದು ಮಾತನ್ನೂ ಹೇಳಿದ್ದರು. ಕೊನೆಯ ವಾರ ಕಾಲು ಮಡಚಬೇಕು. ಅಂದರೆ ಮೇಷ್ಟ್ರು ಬೂಟು ಬಿಚ್ಚಿ, ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ಚಕ್ಕಂಬಕ್ಕಲ ಹಾಕಿ ಕೂರಬೇಕು. ಅದನ್ನು ಕಂಡ ಕೂಡಲೇ ತಿರುವಿದ ಮೀಸೆಗಳೆಲ್ಲ ಇಳಿಬೀಳುತ್ತಿದ್ದವು. "ಮೇಷ್ಟ್ರೇ, ದಮ್ಮಯ್ಯ, ಕಾಲು ಕೆಳಗಿಡಿ" ಎಂದು ಅಂಗಲಾಚುತ್ತಿದ್ದರು. "ಇಡಲ್ಲ. ಇನ್ಮೇಲೆ ನಿಂಗೆ ನೀನೇ ಗತಿ" ಎನ್ನುತ್ತಿದ್ದರು ಮೇಷ್ಟ್ರು. ಆ ವಾರದಲ್ಲಿ ಶಿಷ್ಯರು ಬೇಲಿಗೆ ಗುದ್ದುತ್ತಿದ್ದರು, ಕಸದ ಡಬ್ಬಿ ಉರುಳಿಸುತ್ತಿದ್ದರು, ಬೆವರುತ್ತಿದ್ದರು, ಒಬ್ಬಿಬ್ಬರು ಅತ್ತದ್ದೂ ಉಂಟು. ವಾರ ಮುಗಿಯುವ ಹೊತ್ತಿಗೆ ಅವರ ಕಾಲಿಗೆ ಪೂರ್ತಿ ಬ್ರೇಕು ಎಂದರೇನೆಂದು ಗೊತ್ತಾಗಿರುತ್ತಿತ್ತು.

ಆಮೇಲೆ ಊರು ಬೆಳೆಯಿತು. ಬೆಳೆಯಿತು ಅನ್ನುವುದಕ್ಕಿಂತ ಬಾತುಕೊಂಡಿತು ಅನ್ನುವುದೇ ಸರಿ. ಮೇಷ್ಟ್ರು ಕಲಿಸುತ್ತಿದ್ದ ಮೈದಾನದಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿತು. ಅಲ್ಲಿಗೆ ಬಂದವರೆಲ್ಲ ಕಾರು ಕೊಂಡರು. ಕೊಂಡವರೆಲ್ಲ ಕಲಿಯಲು ಮೇಷ್ಟ್ರ ಹತ್ತಿರವೇ ಬಂದರು. ಮೈದಾನವಿಲ್ಲದ್ದರಿಂದ ನೇರವಾಗಿ ರಸ್ತೆಗೇ ಇಳಿಯಬೇಕಾಯಿತು. ರಸ್ತೆಯೋ, ಶಿವನೇ ಕಾಪಾಡಬೇಕು. ದೀಪ ಹಸಿರಾಗುವ ಮೊದಲೇ ಹಿಂದಿನಿಂದ ಹಾರ್ನು. ಸ್ಕೂಟರುಗಳು ಫುಟ್‌ಪಾತಿನ ಮೇಲೆ, ನಡೆಯುವವರು ಚರಂಡಿಯ ಕಲ್ಲಿನ ಮೇಲೆ. ಮುಂದೆ ಒಂದು ಗೇಣು ಜಾಗ ಬಿಟ್ಟರೆ ಅದನ್ನು ದಾನ ಕೊಟ್ಟಂತೆಯೇ. ಎಡದಿಂದಲೋ ಬಲದಿಂದಲೋ ಯಾರೋ ಬಂದು ಮೂಗು ತೂರಿಸಿಯೇ ತೂರಿಸುತ್ತಿದ್ದರು. ಆ ಮೂಗು ಎಷ್ಟೋ ಸಲ ಹಳೇ ಶಿಷ್ಯನದೇ ಆಗಿರುತ್ತಿತ್ತು. ಗಾಜು ಇಳಿಸಿ, "ಮೇಷ್ಟ್ರೇ, ಚೆನ್ನಾಗಿದೀರಾ?" ಎಂದು ಹಲ್ಲುಗಿಂಜಿ, ಅಡ್ಡ ಹಾಕಿಕೊಂಡು ಹೋಗೇಬಿಡುತ್ತಿದ್ದ.

ಅಂಥ ರಸ್ತೆಯಲ್ಲೂ ಮೇಷ್ಟ್ರು ಕೆಲವು ಕಾಲ ಕಾಲು ಮಡಚಿದರು. ಒಂದು ಮಧ್ಯಾಹ್ನ ಹಾಗೆ ಕೂತಿದ್ದಾಗ ಎರಡು ಬಸ್ಸುಗಳ ನಡುವಿನಿಂದ ಸ್ಕೂಲು ಚೀಲದ ಒಂದು ಮಗು ಹೊರಬಂತು. ಕಲಿಯುತ್ತಿದ್ದವನು ಅರ್ಧ ಒತ್ತಿದ. ಮೇಷ್ಟ್ರು ಮಡಚಿದ ಕಾಲನ್ನು ಬಿಡಿಸಿ ತಮ್ಮ ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಬಾನೆಟ್ಟಿಗೂ ಮಗುವಿಗೂ ನಡುವೆ ಒಂದು ಅಂಗೈ ಜಾಗವಿತ್ತು. ಮಗು ಏನೂ ಆಗಿಲ್ಲವೆಂಬಂತೆ ಓಡಿಹೋಯಿತು. ಮೇಷ್ಟ್ರು ಬಿಚ್ಚಿಟ್ಟಿದ್ದ ಬೂಟನ್ನು ಅಲ್ಲೇ ಹಾಕಿಕೊಂಡರು. ಅಂದಿನಿಂದ ಅವರು ಕಾಲು ಮಡಚಲಿಲ್ಲ.

ಮಡಚದೆಯೇ ಶಿಷ್ಯರು ಪಾಸಾಗತೊಡಗಿದರು. ಲೈಸೆನ್ಸಿನ ಪರೀಕ್ಷೆಯೂ ಇದೇ ಕಾರಿನಲ್ಲಿ. ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಫೋನು ನೋಡುತ್ತಾ ಕೂತಿರುತ್ತಿದ್ದರು, ಮೇಷ್ಟ್ರು ಪಕ್ಕದಲ್ಲಿ. ಮೇಷ್ಟ್ರ ಕಾಲೇ ಪರೀಕ್ಷೆ ಬರೆಯುತ್ತಿತ್ತು. ಹೀಗೆ ಊರಿನ ಕಾರುಗಳೆಲ್ಲ ಅರ್ಧ ಬ್ರೇಕು ಕಲಿತವರ ಕೈಗೆ ಹೋದವು, ರಸ್ತೆ ಇನ್ನಷ್ಟು ಕೆಟ್ಟಿತು. ಅದು ಕೆಟ್ಟಷ್ಟೂ ಕಾಲು ಮಡಚುವ ಧೈರ್ಯ ಇನ್ನೂ ದೂರ ಹೋಯಿತು. ಇದೆಲ್ಲ ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಪಕ್ಕದ ಸೀಟಿನಲ್ಲಿ, ಬಿಸಿಲಿಗೆ ಕಾದ ಗಾಜಿನೊಳಗೆ, ಅತ್ತಲೂ ಹೋಗದ ಇತ್ತಲೂ ಹೋಗದ ಗಾಡಿಗಳ ಮಧ್ಯೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡವರಂತೆ ಕೂತು ಅವರು ಅದನ್ನೇ ಯೋಚಿಸುತ್ತಿದ್ದರು. ಆದರೆ ಯೋಚಿಸುವುದು ತಲೆ, ಒತ್ತುವುದು ಕಾಲು.

ಅವರಿಗೆ ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸು. ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿ. ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಿದ್ದವಳಿಗೆ ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಸೊಂಟದ ಮೂಳೆ ಮುರಿಯಿತು. ಗುದ್ದಿದವನು ಒಳ್ಳೆಯವನೇ, ಓಡಿಹೋಗಲಿಲ್ಲ. ತಲೆ ಮೇಲೆ ಕೈ ಹೊತ್ತುಕೊಂಡು, "ಬ್ರೇಕ್ ಹಾಕ್ದೆ, ಆದ್ರೂ ನಿಲ್ಲಲಿಲ್ಲ" ಎಂದು ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತಾ ನಿಂತಿದ್ದ. ಅವನು ಯಾರ ಹತ್ತಿರ ಕಲಿತವನು ಎಂದು ಮೇಷ್ಟ್ರು ಕೇಳಲಿಲ್ಲ. ಕೇಳುವ ಧೈರ್ಯ ಅವರಿಗಿರಲಿಲ್ಲ.

ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೆ ಡಾಕ್ಟರು, ಸ್ಕೂಟರು ಕೂಡದು, ಬಸ್ಸಿನಲ್ಲಿ ನಿಂತು ಹೋಗುವುದೂ ಕೂಡದು ಎಂದರು. ಆಸ್ಪತ್ರೆಯವರು, ಇನ್ನೆರಡು ತಿಂಗಳು ಬಿಟ್ಟು ಬರುವ ಸೋಮವಾರ ಮಧ್ಯಾಹ್ನದ ಪಾಳಿಗೆ ಬಂದರೆ ಸರಿ, ಬರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಮಗಳು ಯಾರದೋ ಹಳೆಯ ನೀಲಿ ಕಾರೊಂದನ್ನು ಗೊತ್ತುಮಾಡಿಕೊಂಡು ಬಂದು ಅಪ್ಪನ ಮುಂದೆ ನಿಂತಳು.

"ಅಪ್ಪ, ಊರಿಗೆಲ್ಲ ಕಲಿಸಿದೀಯ. ನಂಗೂ ಕಲಿಸು."

ಕಲಿಸಿದರು. ಸ್ಕೂಲಿನ ಎರಡು ಬ್ರೇಕಿನ ಕಾರಿನಲ್ಲಿ ಕೂರಿಸಿಕೊಂಡು, ಜೀವಮಾನದಲ್ಲಿ ಯಾರಿಗೂ ಒತ್ತದಷ್ಟು ಬ್ರೇಕನ್ನು ಮಗಳಿಗೆ ಒತ್ತಿದರು. ಅವಳ ಪಾದ ಪೆಡಲಿನ ಕಡೆ ಹೊರಳುವ ಮೊದಲೇ ಇವರ ಕಾಲು ಅಲ್ಲಿರುತ್ತಿತ್ತು. ಪ್ರತಿದಿನ ಬೆಳಿಗ್ಗೆ ಬೂಟಿನ ಲೇಸು ಕಟ್ಟುವಾಗ, ಇವತ್ತು ಮಡಚಿಬಿಡುತ್ತೇನೆ ಅಂದುಕೊಳ್ಳುತ್ತಿದ್ದರು. ಮನೆಯ ತಿರುವು ದಾಟಿ ದೊಡ್ಡ ರಸ್ತೆಯ ಮೊದಲ ಹಾರ್ನು ಕೇಳುತ್ತಲೇ ಬೂಟು ಬಿಚ್ಚಲು ಚಾಚಿದ ಕೈ ಹಿಂದಕ್ಕೆ ಬರುತ್ತಿತ್ತು. ಮಗಳು ಮಾತ್ರ ಹಿಗ್ಗಿಹೋಗಿದ್ದಳು. "ನೋಡಿದ್ಯಾ ಅಪ್ಪ, ಎಷ್ಟು ಚೆನ್ನಾಗಿ ನಿಲ್ಲಿಸ್ದೆ!" ಎನ್ನುತ್ತಿದ್ದಳು. ಮೇಷ್ಟ್ರು "ಭೇಷ್" ಎನ್ನುತ್ತಿದ್ದರು. ಪರೀಕ್ಷೆಯ ದಿನವೂ ಹಾಗೇ ಆಯಿತು, ಪಾಸಾದಳು.

ಮೇಷ್ಟ್ರ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಆ ಸೋಮವಾರ ಬೆಳಿಗ್ಗೆ ಆಕೆ ಬಾಗಿಲ ಬಳಿಯಿದ್ದ ಬಲಗಾಲಿನ ಬೂಟನ್ನು ಎತ್ತಿ ತಿರುಗಿಸಿ ಹಿಡಿದಳು. ಹೊಸ ಅಟ್ಟೆಯ ನಡುವೆ ಆಗಲೇ ತೂತು ಬೀಳುವಂತಾಗಿತ್ತು.

"ಅವಳು ಕಲ್ತಳೋ, ನೀವು ಓಡ್ಸಿದ್ರೋ?"

"ಮೆಲ್ಲಗೆ ಮಾತಾಡೇ."

"ಅವಳಿಗೆ ಹೇಳಿಬಿಡ್ರೀ, ಇನ್ನೂ ಹೊತ್ತಾಗಿಲ್ಲ."

"ಈಗ ಹೇಳಿದ್ರೆ ಹೆದರ್ತಾಳೆ. ಹೆದರಿ ಓಡಿಸಿದ್ರೆ ಇನ್ನೂ ಅಪಾಯ."

"ಹೇಳದಿದ್ರೆ?"

ಮೇಷ್ಟ್ರು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರಂತೆ ನಿಂತಿದ್ದರು. ಕೊನೆಗೆ, "ಮೊದಲ ದಿನ ನಾನೂ ಜೊತೆಗೆ ಹೋಗ್ತೀನಿ" ಎಂದು ಬೂಟು ಕಸಿದುಕೊಂಡು ಹಾಕಿಕೊಂಡರು. ಮಗಳ ನೀಲಿ ಗಾಡಿಯಲ್ಲಿ ಬ್ರೇಕು ಒಂದೇ ಎಂಬುದನ್ನು ಆ ಗಳಿಗೆಯಲ್ಲಿ ಅವರು ನೆನೆಯಲು ಹೋಗಲಿಲ್ಲ.

ಮಗಳು ಬಿಳಿ ಸಮವಸ್ತ್ರ ಹಾಕಿಕೊಂಡು, ಊಟದ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು, ಕನ್ನಡಿ ಸರಿಮಾಡಿಕೊಂಡು ಹೊರಟಳು. ಮನೆಯ ರಸ್ತೆ ಮುಗಿಯುವಷ್ಟರಲ್ಲೇ ಮೇಷ್ಟ್ರ ಕಾಲು ಬರಿಯ ಮ್ಯಾಟನ್ನು ಎಷ್ಟು ಸಲ ಒತ್ತಿತ್ತೋ. ಪೆಡಲೂ ಇಲ್ಲ, ಏನೂ ಇಲ್ಲ, ರಬ್ಬರಿನ ಮ್ಯಾಟು ಮಾತ್ರ. ಮಗಳು ಪ್ರತಿ ಸಲವೂ ಕೊಂಚ ತಡವಾಗಿ, ಕೊಂಚ ಮುಂದಕ್ಕೆ ಹೋಗಿ ನಿಲ್ಲಿಸುತ್ತಿದ್ದಳು. ಗಾಡಿ ತೆವಳುತ್ತಿದ್ದ ಕಾರಣ ಅದು ನಡೆದುಹೋಗುತ್ತಿತ್ತು. "ಈ ಗಾಡಿ ಬ್ರೇಕು ಯಾಕೋ ಸಡಿಲ ಅಪ್ಪ" ಎಂದಳು. ಮೇಷ್ಟ್ರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

ಫ್ಲೈಓವರು ಹತ್ತಿದರು. ಒಮ್ಮೆ ಹತ್ತಿದ ಮೇಲೆ ಅಲ್ಲಿಂದ ಹಿಂದಿರುಗುವ ಮಾತಿಲ್ಲ. ಎರಡೂ ಕಡೆ ಗೋಡೆ, ಮುಂದೆ ಹಿಂದೆ ಗಾಡಿ, ಕೆಳಗೆ ಮನೆಗಳ ಟೆರೇಸಿನಲ್ಲಿ ಒಣಗುವ ಬಟ್ಟೆ. ಏರು ಮುಗಿದು ಇಳಿಜಾರು ಶುರುವಾದಾಗ ಮುಂದಿದ್ದವರು ಸ್ವಲ್ಪ ಸರಿದರು, ಮಗಳೂ ಬ್ರೇಕು ಬಿಟ್ಟಳು, ಗಾಡಿ ಇಳಿಜಾರಿಗೆ ವೇಗ ಹಿಡಿಯಿತು. ಮುಂದಿದ್ದ ದೊಡ್ಡ ಕರಿ ಕಾರು ತಟ್ಟನೆ ನಿಂತಿತು. ಮಗಳು ಒತ್ತಿದಳು, ತನಗೆ ಗೊತ್ತಿದ್ದಷ್ಟು. ಮೇಷ್ಟ್ರು ಸೀಟಿನಿಂದ ಎದ್ದೇಬಿಡುವಂತೆ ನೆಲ ಒತ್ತಿದರು. ನೀಲಿ ಕಾರು ಹೋಗಿ ಕರಿ ಕಾರಿನ ಬಂಪರಿಗೆ ಢಿಕ್ಕಿ ಹೊಡೆದು ನಿಂತಿತು. ಊಟದ ಡಬ್ಬಿ ಉರುಳಿ ಕೆಳಗೆ ಬಿತ್ತು.

ಕರಿ ಕಾರಿನಿಂದ ದಪ್ಪನೆಯ ಆಸಾಮಿಯೊಬ್ಬ ಇಳಿದು ಬಂದ. "ಯಾರ್ರೀ ಇವ್ರಿಗೆ ಗಾಡಿ ಕಲ್ಸಿದ್ದು? ಕಲ್ಸಿದೋನನ್ನ ಮೊದ್ಲು ಒದೀಬೇಕು!"

ಹಿಂದಿನವರೆಲ್ಲ ಆಗಲೇ ಹಾರ್ನು ಶುರುಮಾಡಿದ್ದರು. ಮೇಷ್ಟ್ರು ಬಾಗಿಲು ತೆಗೆದು ಇಳಿದರು. ಆಸಾಮಿ ಎತ್ತಿದ ಕೈಯನ್ನು ಹಾಗೇ ಜೋಡಿಸಿಬಿಟ್ಟ.

"ಅಯ್ಯಯ್ಯೋ ಮೇಷ್ಟ್ರೇ, ನೀವಾ! ನಾನು, ಸೋಫಾ ಅಂಗಡಿಯವನು! ನೆನಪಿದೆಯಾ?"

ನೆನಪಿಲ್ಲದೆ ಏನು. ಡ್ರೈವರ್ ಸೀಟಿನಲ್ಲೂ ಸೋಫಾದಲ್ಲಿ ಕೂತಂತೆ ಒರಗಿ ಕೂರುತ್ತಿದ್ದವನು. ಮೇಷ್ಟ್ರು "ಮಗಳು, ಮೊದಲ ದಿನ, ತಪ್ಪಾಯ್ತು" ಎಂದು ತಡವರಿಸಿದರು.

"ಮಗಳಾ! ಹಾಗಾದ್ರೆ ಬಿಡಿ, ಒಂದು ಗೀಟು ತಾನೇ" ಎಂದು ಸೋಫಾದವನು ಮಗಳ ಕಿಟಕಿಗೆ ಬಗ್ಗಿದ. "ಹೆದರ್ಬೇಡಮ್ಮ, ನಂಗೂ ಹಿಂಗೇ ಆಗಿತ್ತು. ನಿಮ್ಮಪ್ಪನ ಗಾಡಿ ಇದೆಯಲ್ಲ, ಕಾಲು ತಾಗಿಸಿದ್ರೆ ಸಾಕು, ನಿಂತ್ಬಿಡ್ತಿತ್ತು. ನನ್ನ ಗಾಡಿ ಎಷ್ಟು ಒತ್ತಿದ್ರೂ ನಿಲ್ತಿರ್ಲಿಲ್ಲ. ಮೊದಲನೇ ವಾರ ಸಿಕ್ಕಸಿಕ್ಕವರಿಗೆಲ್ಲ ಗುದ್ದಿದೀನಿ. ನನ್ನ ಭಾವಮೈದ, ಮೇಲ್ಮನೆ ಆಂಟಿ, ನಮ್ಮ ಅಕೌಂಟೆಂಟು, ಎಲ್ರೂ ಇವ್ರ ಶಿಷ್ಯರೇ, ಎಲ್ರದ್ದೂ ಇದೇ ಕಥೆ!" ಹೀಗೆಂದು ಹೊಟ್ಟೆ ಕುಲುಕಿಸಿ ನಗುತ್ತಾ, ಬಂಪರಿನ ಫೋಟೋ ತೆಗೆಯಲು ಹೋದ.

ಮಗಳು ನಗಲಿಲ್ಲ. ಮೂಳೆ ಮುರಿದು ಮಲಗಿದ್ದಾಗಲೂ ಕಾಣದಿದ್ದ ಬಿಳುಪು ಅವಳ ಮುಖಕ್ಕೆ ಬಂದಿತ್ತು.

"ಅಪ್ಪ, ನಿನ್ನ ಗಾಡಿ ಯಾಕೆ ನಿಲ್ತಿತ್ತು?"

ಮೇಷ್ಟ್ರು ಕಿಟಕಿಯ ಅಂಚು ಹಿಡಿದುಕೊಂಡರು. "ನಾನು ಒತ್ತುತಿದ್ದೆ ಮಗಳೇ."

"ಒಂದೊಂದ್ಸಲವಾ?"

"ಪ್ರತಿ ಸಲವೂ."

"ಪರೀಕ್ಷೆ ದಿನ?"

ಮೇಷ್ಟ್ರು ತಲೆ ತಗ್ಗಿಸಿದರು. ಮಗಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಅತ್ತಳೋ ಏನೋ, ಹಾರ್ನುಗಳಲ್ಲಿ ಕೇಳಿಸಲಿಲ್ಲ. ಮೇಷ್ಟ್ರಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಕಾಲಡಿ ಇದ್ದದ್ದು ಭೂಮಿಯಲ್ಲ, ಫ್ಲೈಓವರು.

"ನೀನು ಈಚೆ ಬಾ ತಾಯಿ, ನಾನು ಓಡಿಸ್ತೀನಿ. ಹೊತ್ತಿಗೆ ಸರಿಯಾಗಿ ತಲುಪಿಸ್ತೀನಿ" ಎಂದರು. "ನಾಳೆಯಿಂದ ದಿನಾ ನಾನೇ ಬಿಟ್ಟುಬರ್ತೀನಿ. ಸ್ಕೂಲು ಹಾಳಾಗ್ಲಿ."

ಅವಳು ತಲೆಯೆತ್ತಿದಳು. ಪಕ್ಕದ ಬಾಗಿಲಿನ ಲಾಕು ಟಕ್ಕೆಂದಿತು.

"ಹತ್ಬೇಡ ಅಪ್ಪ."

"ಹುಚ್ಚಾ ನಿಂಗೆ? ಈ ಇಳಿಜಾರಲ್ಲಿ ಒಬ್ಬಳೇ..."

"ನೀನು ಪಕ್ಕದಲ್ಲಿದ್ರೆ ನನ್ನ ಕಾಲು ನಿನ್ನ ಕಾಲಿಗೇ ಕಾಯ್ತಿರುತ್ತೆ. ಈಗ್ಲೂ ಅದೇ ಆಗಿದ್ದು. ಕಾದೆ, ನೀನು ಒತ್ತಲಿಲ್ಲ." ಅವಳು ಗೇರಿನ ಮೇಲೆ ಕೈಯಿಟ್ಟಳು. "ನಾನು ಸತ್ತಿದ್ರೆ ಏನ್ ಮಾಡ್ತಿದ್ದೆ ಅಪ್ಪ?"

ಪಕ್ಕದ ಸಾಲು ಆಗ ಸ್ವಲ್ಪ ಸರಿಯಿತು. ಮಗಳು ಇಂಡಿಕೇಟರು ಹಾಕಿದಳು, ಕಾದಳು, ಯಾರೂ ಬಿಡಲಿಲ್ಲ, ಮತ್ತೂ ಕಾದಳು, ಕೊನೆಗೊಬ್ಬ ಟೆಂಪೋದವನು ಬೈದುಕೊಂಡೇ ಜಾಗ ಬಿಟ್ಟ. ನೀಲಿ ಕಾರು ಆ ಸಾಲು ಸೇರಿ ಇಳಿಯತೊಡಗಿತು. ಅದರ ಹಿಂದಿನ ಕೆಂಪು ದೀಪ ಹತ್ತುವುದನ್ನು, ಆರುವುದನ್ನು, ಮತ್ತೆ ಹತ್ತುವುದನ್ನು ಮೇಷ್ಟ್ರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ನಿಂತರು. ತಡ, ತಡ, ಈಗಲೂ ತಡ ಎಂದು ಅವರ ಬಾಯಿ ತಾನಾಗಿ ಹೇಳುತ್ತಿತ್ತು. ನಡುವೆ ಒಂದು ಲಾರಿ ಬಂದು ಏನೂ ಕಾಣದಾಯಿತು.

ಫ್ಲೈಓವರಿನ ಮೇಲೆ ನಡೆಯುವವರಿಗೆ ಅಂತ ಜಾಗವೇ ಇರಲಿಲ್ಲ. ಮೇಷ್ಟ್ರು ಗೋಡೆಗೆ ಬೆನ್ನು ಹಚ್ಚಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸ್ಕೂಟರೊಂದು ಅವರ ಮೊಣಕೈ ಸವರಿಕೊಂಡು ಹೋಯಿತು. ಸೋಫಾದವನು ಕೂಗಿದ. "ಎಲ್ಲಿ ನಡೀತೀರ ಮೇಷ್ಟ್ರೇ, ಸಾಯ್ಬೇಕು ಅಂತಿದೀರಾ? ಹತ್ತಿ, ನಾನೂ ಆಸ್ಪತ್ರೆ ಕಡೆಗೇ ಹೋಗ್ತಿರೋದು."

ಬೇರೆ ದಾರಿಯೇ ಇರಲಿಲ್ಲ, ಹತ್ತಿದರು. ಪಕ್ಕದ ಸೀಟು ಎಷ್ಟು ಮೆತ್ತಗಿತ್ತೆಂದರೆ ಮೇಷ್ಟ್ರು ಅದರೊಳಗೆ ಹೂತುಹೋದರು. ಸೋಫಾದವನು ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಹಾರ್ನು ಒತ್ತಿಕೊಂಡು ಹೊರಟ. ಎಡಕ್ಕೆ ನುಗ್ಗಿದ, ಬಲಕ್ಕೆ ನುಗ್ಗಿದ, ಆ ಟೆಂಪೋದವನನ್ನು ಗೋಡೆಗೆ ಒತ್ತರಿಸಿದ. "ಈ ಊರಲ್ಲಿ ನುಗ್ಗದಿದ್ರೆ ಮನೆ ಸೇರಲ್ಲ ಮೇಷ್ಟ್ರೇ. ಬ್ರೇಕು ಬೇಕಿಲ್ಲ, ಎದೆ ಬೇಕು." ಮೇಷ್ಟ್ರ ಕಾಲು ದಪ್ಪ ಕಾರ್ಪೆಟ್ಟನ್ನು ಒತ್ತುತ್ತಲೇ ಇತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಹೆಂಡತಿ ಹೇಳಿದಂತೆ ಕಿವಿಯಲ್ಲಿ ಕೇಳಿಸಿತು.

ಲಾರಿಯ ಪಕ್ಕ ದಾಟಿದ ಮೇಲೆ ನೀಲಿ ಕಾರು ಕಂಡಿತು. ಅದು ತನ್ನ ಸಾಲಿನಲ್ಲೇ, ಮುಂದಿನ ಗಾಡಿಗೂ ತನಗೂ ನಡುವೆ ಒಂದು ಕಾರಿನಷ್ಟು ಜಾಗ ಬಿಟ್ಟುಕೊಂಡು ಇಳಿಯುತ್ತಿತ್ತು. ಹಿಂದಿನವರೆಲ್ಲ ಅದಕ್ಕೇ ಹಾರ್ನು ಹೊಡೆಯುತ್ತಿದ್ದರು. ಸೋಫಾದವನ ಕಣ್ಣಿಗೆ ಬಿದ್ದದ್ದು ಆ ಜಾಗ ಮಾತ್ರ.

"ಅಗೋ ನೋಡಿ, ಯಾವನೋ ಪುಣ್ಯಾತ್ಮ ನಮಗೇ ಅಂತ ಬಿಟ್ಟಿದಾನೆ."

"ಬೇಡ! ಬೇಡ ಮಾರಾಯ, ಅದು..."

ಮಾತು ಮುಗಿಯುವ ಮೊದಲೇ ಅವನು ಕಾರನ್ನು ತಿರುಗಿಸಿ, ನೀಲಿ ಕಾರಿನ ಮೂಗಿನ ಮುಂದೆಯೇ ತೂರಿಸಿ, ಗಕ್ಕನೆ ನಿಲ್ಲಿಸಿದ. ಮೇಷ್ಟ್ರು ಎರಡೂ ಕಾಲಿನಲ್ಲಿ ಕಾರ್ಪೆಟ್ಟನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಹಿಂದಿನಿಂದ ಬರುವ ಪೆಟ್ಟಿಗೆ ಕಾದರು. ಗುದ್ದಿದರೆ ಗುದ್ದುವವಳು ತನ್ನ ಮಗಳು. ಸೊಂಟಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಅವಳು ಏಳುವುದಿಲ್ಲ. ಅವಳನ್ನು ಈ ಗೋಳಿಗೆ ತಂದಿಟ್ಟವನು ತಾನು, ಅಡ್ಡ ಬಂದವನು ತನ್ನ ಶಿಷ್ಯ, ಆ ಶಿಷ್ಯನ ಪಕ್ಕದಲ್ಲಿ ಕೈಲಾಗದೆ ಕೂತವನೂ ತಾನೇ. ದೇವರೇ, ಒತ್ತು ಮಗಳೇ, ಪೂರ್ತಿ ಒತ್ತು, ಒತ್ತು.

ಟೈರು ಉಜ್ಜಿದ ಸದ್ದು ಕೇಳಿತು. ಪೆಟ್ಟು ಬೀಳಲಿಲ್ಲ.

ಮೇಷ್ಟ್ರು ತಿರುಗಿ ನೋಡಿದರು. ಹಿಂದಿನ ಗಾಜಿನಾಚೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ನೀಲಿ ಕಾರು ನಿಂತಿತ್ತು. ಮಗಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಬಾಯಿ ತೆರೆದು, ಏದುಸಿರು ಬಿಡುತ್ತಿದ್ದಳು. ನಿಲ್ಲಿಸಿದವಳು ಅವಳು, ಅವಳೊಬ್ಬಳೇ. ಮೇಷ್ಟ್ರ ಕಣ್ಣು ತುಂಬಿ ಬಂತು, ಭೇಷ್ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಅವಳು ತಲೆಯೆತ್ತಿ, ತನಗೆ ಅಡ್ಡ ಬಂದ ಕಾರನ್ನೂ, ಅದರೊಳಗೆ ಅದನ್ನು ಓಡಿಸುತ್ತಿದ್ದವನ ಪಕ್ಕದ ಸೀಟಿನಲ್ಲಿ ಕೂತು ತಿರುಗಿ ನೋಡುತ್ತಿದ್ದ ಅಪ್ಪನ ಮುಖವನ್ನೂ ನೋಡಿದಳು. ನೋಡುತ್ತಲೇ ಇದ್ದಳು.

"ನೋಡಿದ್ರಾ ಮೇಷ್ಟ್ರೇ, ಒಂದು ಗಾಡಿ ಮುಂದೆ ಬಂದ್ವಿ" ಎಂದ ಸೋಫಾದವನು.

"ನಾನು ಇಳೀತೀನಿ" ಎಂದರು ಮೇಷ್ಟ್ರು.

ಬಾಗಿಲು ತಳ್ಳಿದರು. ಅದು ಎರಡು ಬೆರಳಿನಷ್ಟು ತೆರೆದು ಪಕ್ಕದ ಬಸ್ಸಿನ ತಗಡಿಗೆ ತಾಗಿ ನಿಂತಿತು. ಆ ಕಡೆ ನೋಡಿದರೆ ಸೋಫಾದವನ ಬಾಗಿಲಿಗೂ ಲಾರಿ ಅಂಟಿಕೊಂಡಿತ್ತು. ಮುಂದೆ ಯಾರೂ ಅಲುಗಾಡುವ ಹಾಗೆ ಕಾಣಲಿಲ್ಲ.

"ಎಲ್ಲಿ ಇಳೀತೀರ, ಸುಮ್ನೆ ಕೂತ್ಕೊಳ್ಳಿ" ಎಂದು ಸೋಫಾದವನು ಸೀಟನ್ನು ಹಿಂದಕ್ಕೆ ಒರಗಿಸಿಕೊಂಡ.